ಮಾವ ನೋಡ್ಕತಾನಂತೆ

ಮುಖ್ಯೋಪಾಧ್ಯಾಯಿನಿ ಮೇಜಿನ ಡ್ರಾಯರ್ ಎಳೆದು, ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣವೊಂದನ್ನು ನನ್ನ ಮುಂದಿಟ್ಟರು. ಯಾರದೋ ಹುಟ್ಟುಹಬ್ಬದ ಸಿಹಿ ಇರಬೇಕೆಂದುಕೊಂಡು ಬಿಚ್ಚಿದೆ. ಒಳಗೆ ಒಂದು ಜಡೆ ಇತ್ತು. ಮೊಳಕ್ಕಿಂತ ಉದ್ದದ ಜಡೆ. ತುದಿಯಲ್ಲಿ ಕೆಂಪು ಟೇಪು ಕಟ್ಟಿದ ಹಾಗೇ ಇತ್ತು, ಕೊಬ್ಬರಿ ಎಣ್ಣೆಯ ವಾಸನೆಯೂ ಹೋಗಿರಲಿಲ್ಲ. ಮುಟ್ಟಿದ್ದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡೆ.

“ಒಂಬತ್ತನೇ ಕ್ಲಾಸಿನ ಹುಡುಗಿ ಮೇಡಂ. ಟಾಯ್ಲೆಟ್ಟಿನಲ್ಲಿ ಬ್ಲೇಡು ಹಿಡ್ಕೊಂಡು ತಾನೇ ಕೊಯ್ಕೊಂಡಿದ್ದಾಳೆ. ಯಾಕೆ ಅಂದ್ರೆ ಬಾಯೇ ಬಿಡಲ್ಲ,” ಎಂದರು ಅವರು. “ನನ್ನ ಸರ್ವಿಸಿನಲ್ಲಿ ಇಂಥದ್ದು ನೋಡಿಲ್ಲ. ನೀವು ಒಂದ್ಸಲ ಮಾತಾಡಿ ನೋಡಿ.”

ಕಟ್ಟೆಮಳಲವಾಡಿಯಿಂದಾಚೆಗಿನ ಒಂದು ಹಳ್ಳಿಯ ಶಾಲೆ ಅದು. ದಸರಾ ರಜೆ ಮುಗಿದು ಮಕ್ಕಳು ವಾಪಸು ಬಂದಿದ್ದ ವಾರ. ಇಂಥ ಕರೆ ಬಂದರೆ ಹೋಗುವುದೇ ನನ್ನ ಕೆಲಸ. ಹುಣಸೂರಿನ ಚರ್ಚಿನ ಕಾಂಪೌಂಡಿನೊಳಗೆ ನಮ್ಮದು ಎರಡು ಕೋಣೆಯ ಆಪ್ತಸಮಾಲೋಚನಾ ಕೇಂದ್ರ. ಕುಡಿಯುವ ಗಂಡ, ಮಾತು ಬಿಟ್ಟ ಹೆಂಡತಿ, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಹತ್ತು ವರ್ಷದ ಮಗು, ಹೀಗೆ ಬೆಟ್ಟದಪುರ, ಕೊಪ್ಪ, ಎಚ್.ಡಿ. ಕೋಟೆ ಕಡೆಯಿಂದೆಲ್ಲ ಜನ ಬರುತ್ತಾರೆ. ಬಹುಪಾಲು ಹಿಂದೂ ಒಕ್ಕಲು ಮನೆಯವರು, ಕೂಲಿಯವರು. ಅವರ ಬಾಯಲ್ಲಿ ನಾನು ‘ಚರ್ಚ್ ಮೇಡಂ’. ಅಂತ್ರ ತಾಯತ ಕಟ್ಟಿಸಿಕೊಳ್ಳಲು ಬಂದವರ ಹಾಗೆ ಬಂದು, “ಒಂದು ಪ್ರಾರ್ಥ್ನೆ ಮಾಡ್ಬುಡಿ ಮೇಡಂ, ಸರೋಯ್ತದೆ,” ಎನ್ನುತ್ತಾರೆ. ಮೊದಲು ಮಾತು, ಆಮೇಲೆ ಪ್ರಾರ್ಥನೆ ಎಂದು ಕೂರಿಸುತ್ತೇನೆ. ಕೇಳದವರಿಗೆ ಪ್ರಾರ್ಥನೆ ಮಾಡುವುದಿಲ್ಲ, ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಇದು ಬಹಳ ಒಳ್ಳೆಯ ನಿಯಮ ಎಂದು ಅಂದಿನವರೆಗೂ ನಂಬಿದ್ದೆ.

ಹುಡುಗಿಯನ್ನು ಶಾಲೆಯ ಲೈಬ್ರರಿ ಕೋಣೆಯಲ್ಲಿ ಕೂರಿಸಿಕೊಂಡೆ. ಹದಿನಾಲ್ಕು ವರ್ಷ. ತಲೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಅದರ ಕೆಳಗೆ ಕತ್ತಿನ ಹತ್ತಿರ ಕೂದಲು ಮೋಟು ಮೋಟಾಗಿ, ಇಲಿ ಕಡಿದ ಹಾಗಿತ್ತು. ನಾನು ಯಾವಾಗಲೂ ಮಾಡುವಂತೆ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟೆ. ಒಂದರೊಳಗೊಂದು ಮೂರು ಸುತ್ತು ಬರೆಯಬೇಕು. ನಡುವೆ ತಾನು, ಎರಡನೆಯ ಸುತ್ತಿನಲ್ಲಿ ತನಗೆ ಭಯವಿಲ್ಲದವರು, ಹೊರಗಿನ ಸುತ್ತಿನಲ್ಲಿ ಉಳಿದವರು. ಅವಳು ನಡುವೆ ಒಂದು ಚುಕ್ಕೆಯಿಟ್ಟು ಪೆನ್ಸಿಲ್ ಕೆಳಗಿಟ್ಟಳು. ಎರಡು ಸುತ್ತೂ ಖಾಲಿ.

“ನಿನ್ನನ್ನು ಯಾರು ಚೆನ್ನಾಗಿ ನೋಡ್ಕೋತಾರೆ?” ಎಂದು ಕೇಳಿದೆ.

ಉತ್ತರವಿಲ್ಲ. ಮಗು ಸುಮ್ಮನಿದ್ದಾಗ ನೀನೂ ಸುಮ್ಮನಿರು, ಆ ಮೌನವನ್ನು ತುಂಬಲು ಹೋಗಬೇಡ ಎಂಬುದು ನಮಗೆ ತರಬೇತಿಯಲ್ಲಿ ಕಲಿಸುವ ಮೊದಲ ಪಾಠ. ನಾನೋ ಹುಟ್ಟು ವಾಚಾಳಿ. ಅರ್ಧ ನಿಮಿಷ ಬಾಯಿ ಬಿಗಿಹಿಡಿದಿದ್ದೇ ನನ್ನ ಪಾಲಿನ ತಪಸ್ಸು. ಆಮೇಲೆ ನಾನೇ ಒಂದೊಂದಾಗಿ ಕೇಳತೊಡಗಿದೆ. ಅಪ್ಪ? ಅಲ್ಲವೆಂದು ತಲೆಯಾಡಿಸಿದಳು. ಅಮ್ಮ? ಪೆನ್ಸಿಲ್ಲಿನ ತುದಿ ನೋಡಿದಳು. ಅಜ್ಜಿ? ತಲೆ ಇನ್ನೂ ಕೆಳಗೆ ಹೋಯಿತು. ಮಾವ?

“ಮಾವ ನೋಡ್ಕತಾನಂತೆ,” ಎಂದಳು.

ಅಬ್ಬ, ಬಾಯಿ ಬಿಟ್ಟಳಲ್ಲ ಎಂದು ನನಗೆ ಹಿಡಿಸಲಾರದಷ್ಟು ಸಂತೋಷ. ಮಾತನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಇದ್ದಂತೆಯೇ ಗೀಚಿಕೊಳ್ಳುತ್ತೇನೆ, ಆಮೇಲೆ ಫಾರಂ ತುಂಬುತ್ತೇನೆ. ಆ ಸಂಜೆ ಫಾರಮಿನಲ್ಲಿ ‘ಮಗುವಿನ ಸುರಕ್ಷಿತ ವ್ಯಕ್ತಿ’ ಎಂಬ ಸಾಲಿನ ಮುಂದೆ, ‘ಸೋದರಮಾವ. ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂದು ದುಂಡಗೆ ಬರೆದೆ.

ಎರಡನೆಯ ಭೇಟಿಗೆ ತಾಯಿ ನಮ್ಮ ಕೇಂದ್ರಕ್ಕೇ ಬಂದಳು. ಕೂಲಿಗೆ ಹೋಗುವ, ಮೂವತ್ತರ ಆಸುಪಾಸಿನ ಹೆಂಗಸು. ಗಂಡ ಲಗೇಜ್ ಆಟೋ ಓಡಿಸುತ್ತಾನೆ. ಕುಡಿದು ಬಂದರೆ ಪಾತ್ರೆಯಿಂದ ಹಿಡಿದು ಟೀವಿಯವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಾನೆ. ಮಗಳು ಪಕ್ಕದ ಮನೆಯ ಹಿತ್ತಲಲ್ಲಿ ಹೋಗಿ ಕೂರುತ್ತಾಳೆ. ಎಲ್ಲ ಹೇಳಿ ಅತ್ತು, ಕೊನೆಗೆ ಸೆರಗಿನಲ್ಲಿ ಮೂಗೊರೆಸಿಕೊಂಡು, “ಕೆ.ಆರ್. ನಗರದ ತಾವ ನನ್ ತಮ್ಮ ಅವ್ನೆ ಮೇಡಂ. ನೀರಾವರಿ ಜಮೀನು, ಬೀಡಿ ಕೂಡ ಸೇದಾಕಿಲ್ಲ. ನಾನೇ ನೋಡ್ಕತೀನಿ ಕಳ್ಸಕ್ಕ ಅಂತಾವ್ನೆ. ಕಳ್ಸಾನಾ?” ಎಂದು ಕೇಳಿದಳು.

ಮಗು ಹೇಳಿದ್ದೂ ಮಾವ, ತಾಯಿ ಹೇಳಿದ್ದೂ ಮಾವ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ಜಗಳದ ಮನೆಯಿಂದ ಮಗುವನ್ನು ಸ್ವಲ್ಪ ದಿನ ಸಂಬಂಧಿಕರ ಮನೆಯಲ್ಲಿಡುವುದು ನಮ್ಮ ಪದ್ಧತಿಯೇ. ಅಷ್ಟರಲ್ಲಿ ತಂದೆಯ ಕುಡಿತಕ್ಕೆ ಏನಾದರೂ ದಾರಿ ಹುಡುಕಬಹುದು. ಮುಂದಿನ ವಾರ ತಮ್ಮನನ್ನು ಕರೆದುಕೊಂಡು ಬಾ ಎಂದೆ. ಹೋಗುವಾಗ ಮುಖ್ಯೋಪಾಧ್ಯಾಯಿನಿ ನನ್ನ ಹತ್ತಿರ ಬಿಟ್ಟಿದ್ದ ಜಡೆಯ ಪೊಟ್ಟಣವನ್ನೂ ತಾಯಿಯ ಕೈಗೆ ಕೊಟ್ಟೆ. ಎಸೆಯಲು ನನಗೆ ಮನಸ್ಸು ಬಂದಿರಲಿಲ್ಲ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಮೂರನೆಯ ಭೇಟಿಗೆ ತಾಯಿ, ಮಗಳು, ಮಾವ ಮೂವರೂ ಬಂದರು. ಮಾವನಿಗೆ ಇಪ್ಪತ್ತೆಂಟು ಇರಬಹುದು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿ ಹೊರಗೆ ಬಿಟ್ಟು ಬಂದು, ನಾಲ್ಕು ತೆಂಗಿನಕಾಯಿ ಮೂಲೆಯಲ್ಲಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತ. ನಾನು ಮಾತಾಡುವಾಗ ನಡುವೆ ಬಾಯಿ ಹಾಕದ ಗಂಡಸನ್ನು ಕಂಡು ಎಷ್ಟು ದಿನವಾಗಿತ್ತೋ. ನನಗೆ ತುಂಬ ಇಷ್ಟವಾದ.

“ಓದಿಸ್ತೀರಾ?” ಎಂದು ಕೇಳಿದೆ.

“ಓದ್ತೀನಿ ಅಂದ್ರೆ ಓದ್ಲಿ ಮೇಡಂ. ನಾನೇನ್ ಬ್ಯಾಡ ಅಂದನಾ?”

“ಅವಳನ್ನ ಹೊಡೆಯೋದು ಬಡಿಯೋದು ಇಲ್ಲ ತಾನೇ?”

“ನಮ್ಮಕ್ಕನ್ ಮಗ್ಳು ಕಣ್ರೀ. ಕೈ ಎತ್ತನಾ?”

ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಹೋಗ್ತೀಯಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಅದನ್ನೂ ನಾನೇ ತುಂಬಿದೆ, ‘ನಾಚಿಕೆ’ ಎಂದು ಬರೆದುಕೊಂಡೆ. ಆಗ ತಾಯಿ ಎದ್ದು ನಿಂತು ಕೈಮುಗಿದು, “ಒಂದ್ ಪ್ರಾರ್ಥ್ನೆ ಮಾಡ್ಬುಡಿ ಮೇಡಂ, ಇಬ್ರುಗೂ,” ಎಂದಳು.

ಕೇಳಿದವರಿಗೆ ಇಲ್ಲ ಅನ್ನುವುದಿಲ್ಲವಲ್ಲ. ಇಬ್ಬರನ್ನೂ ಶಿಲುಬೆಯ ಮುಂದೆ ಅಕ್ಕಪಕ್ಕ ನಿಲ್ಲಿಸಿದೆ. ಬಲಗೈ ಅವನ ತಲೆಯ ಮೇಲೆ, ಎಡಗೈ ಅವಳ ತಲೆಯ ಮೇಲೆ. ನನ್ನದು ದೊಡ್ಡ ಗಂಟಲು, ಕಾಂಪೌಂಡಿನಾಚೆಗೂ ಕೇಳಿಸುತ್ತದೆ. “ಪ್ರಭುವೇ, ಈ ಇಬ್ಬರನ್ನೂ ನಿನ್ನ ಕೈಗೆ ಒಪ್ಪಿಸುತ್ತೇನೆ. ಇವನು ಇವಳನ್ನು ಕಾಯಲಿ. ಇವನ ಮನೆಯಲ್ಲಿ ಇವಳು ಸುಖವಾಗಿರಲಿ. ಇವರನ್ನು ಆಶೀರ್ವದಿಸು,” ಎಂದೆ. ಎಡಗೈ ಕೆಳಗಿದ್ದ ತಲೆ ಸೆಟೆದುಕೊಂಡದ್ದು ನನಗೆ ತಿಳಿಯಿತು. ಮಗುವಿನ ಮನಸ್ಸು ತುಂಬಿ ಬಂದಿದೆ ಎಂದುಕೊಂಡೆ.

ಅದಾದ ಮೇಲೆ ಕೇಂದ್ರದ ಕಾಗದದಲ್ಲಿ ಶಾಲೆಗೆ ಒಂದು ಪತ್ರ ಬರೆದು, ಅದರದೊಂದು ಪ್ರತಿಯನ್ನು ಮಾವನ ಕೈಗೂ ಕೊಟ್ಟೆ. ‘ಈ ಬಾಲಕಿಯು ಸದ್ಯಕ್ಕೆ ಮಾವನ ಮನೆಯಲ್ಲಿ ಇರುವುದು ಸೂಕ್ತವೆಂದು ನಮ್ಮ ಅಭಿಪ್ರಾಯ. ಓದಿಗೆ ತೊಂದರೆಯಾಗದಂತೆ ಸಹಕರಿಸಬೇಕು.’ ಕೆಳಗೆ ಸಹಿ, ಶಿಲುಬೆ ಇರುವ ದುಂಡು ಮೊಹರು. ಪತ್ರ ತಲುಪಿದ ದಿನ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿ, “ಏನ್ ಮೇಡಂ, ಹುಡುಗೀನ ಈಗ್ಲೇ ಮಾವನ ಮನೆಗೆ ಕಳಿಸಿಬಿಟ್ರಾ?” ಎಂದು ನಕ್ಕರು. ನಾನೂ ನಕ್ಕೆ.

ಎರಡು ವಾರ ಕಳೆಯಿತು. ಬೆಟ್ಟದಪುರದ ಒಂದು ಮನೆಗೆ ಹೋಗಬೇಕಿತ್ತು. ಬುಧವಾರ ಬೆಳಿಗ್ಗೆ ಹುಣಸೂರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, “ಮೇಡಂ” ಎಂದು ಯಾರೋ ಕೈಹಿಡಿದರು. ಅದೇ ತಾಯಿ. ಮುಖ ಅರಳಿತ್ತು. ಮಗಳು ಹೇಗಿದ್ದಾಳೆ ಎಂದು ಕೇಳಿದೆ.

“ಚೆಂದಾಗವ್ಳೆ ಮೇಡಂ. ನಿಮ್ಮ ದಯ,” ಎಂದವಳು ಚೀಲದೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದಳು. “ನೋಡಿ, ಚೌರಿ ಎಂಗ್ ಕಟ್ಕೊಟ್ಟವ್ನೆ.”

ಕೂದಲು ಕಡಿಮೆಯಿದ್ದವರು ಜಡೆಗೆ ಸೇರಿಸಿಕೊಳ್ಳುವ ಚೌರಿ. ಬುಡದಲ್ಲಿ ಕಪ್ಪು ದಾರ ಬಿಗಿದು, ತುದಿಗೆ ಮೂರು ಕುಚ್ಚು ಕಟ್ಟಿದ್ದರು.

“ಯಾರಿಗೆ?” ಎಂದೆ.

“ಮಗೀಗೆ. ಅವ್ಳದೇ ಕೂದ್ಲು ಕಣ್ರೀ, ನೀವೇ ಕೊಟ್ರಲ್ಲ. ಪ್ಯಾಟೇಲಿ ಚೌರಿ ಕಟ್ಟೋನ್ ತಾವ ಕೊಟ್ಟು ಕಟ್ಟಿಸ್ದೆ. ಶುಕ್ರವಾರ ಹೂ ಮುಡ್ಸೋದು. ಮೋಟು ತಲೆಗೆ ಎಲ್ಲಿ ಮುಡ್ಸಾನ?”

ನನಗೆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ಹೂ ಮುಡಿಸೋದಾ? ಯಾರು?” ಎಂದೆ.

“ನನ್ ತಮ್ಮ,” ಎಂದಳು ಅವಳು. ಇದೆಂಥ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿದಳು. “ನೀವೂ ಬನ್ನಿ ಮೇಡಂ. ನೀವಿಲ್ದೆ ಎಂಗೆ?”

ಈ ಸೀಮೆಯಲ್ಲಿ ಹೂ ಮುಡಿಸುವುದೆಂದರೆ ಹೆಣ್ಣನ್ನು ಒಪ್ಪಿಸಿದ ಹಾಗೆ. ಗಂಡಿನ ಕಡೆಯವರು ಹುಡುಗಿಯ ಜಡೆಗೆ ಹೂ ಮುಡಿಸಿದರೆ ಅಲ್ಲಿಗೆ ಅವಳು ಅವರವಳು, ತಾಳಿ ಇನ್ನೊಂದು ದಿನದ ಮಾತು. ಅಕ್ಕನ ಮಗಳನ್ನು ತರುವುದೂ ಇಲ್ಲಿ ಹೊಸದಲ್ಲ. ಅಂಥ ಎಷ್ಟು ಮದುವೆಗಳಲ್ಲಿ ಎಲೆಯ ಮುಂದೆ ಕೂತು ಉಂಡು ಬಂದಿದ್ದೇನೆ. ಆದರೆ ನಮ್ಮ ಕ್ರೈಸ್ತ ಮನೆಗಳಲ್ಲಿ ತಾಯಿಯ ತಮ್ಮನೆಂದರೆ ಮಗುವಿಗೆ ಹೆಸರಿಡುವ ಜ್ಞಾನಸ್ನಾನದಲ್ಲಿ ಎತ್ತಿಕೊಂಡು ನಿಲ್ಲುವವನು. ಮಾವ ಎಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ನನ್ನ ಮಾವ. ಅವರು ಹೇಳಿದ ಮಾವ ಬೇರೆ.

“ಹದಿನಾಲ್ಕು ವರ್ಷ ಕಣಮ್ಮ ಅವಳಿಗೆ,” ಎಂದೆ.

“ಈಗೇನ್ ಹೂವಲ್ವಾ? ತಾಳಿ ಸಂಕ್ರಾಂತಿ ಕಳ್ದ್ಮೇಲೆ. ನನ್ಗೆ ತಾಳಿ ಕಟ್ದಾಗ ನನ್ಗೂ ಅಷ್ಟೇ ವಯ್ಸು.” ನನ್ನ ಮುಖ ಬಾಡಿದ್ದನ್ನು ಕಂಡು ಸಮಾಧಾನ ಹೇಳುವಂತೆ ತಗ್ಗಿದ ದನಿಯಲ್ಲಿ, “ನಮ್ಮೋನೇ ಕಣ್ರೀ. ಹೊರಗ್ನೋನ್ಗೆ ಕೊಟ್ಟು ನನ್ನಂಗೆ ಪಾತ್ರೆ ಆಯ್ಕಂಡ್ ಕೂರ್ಲಾ ಅವ್ಳು?” ಎಂದಳು.

ಅಷ್ಟರಲ್ಲಿ ಅವಳ ಬಸ್ಸು ಬಂತು. ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ಹಿಡಿದುಕೊಂಡು, ಚೌರಿಯ ಕವರನ್ನು ಎದೆಗೊತ್ತಿಕೊಂಡು ಓಡಿ ಹತ್ತಿದಳು. ನಾನು ಕಲ್ಲುಬೆಂಚಿನ ಮೇಲೆ ಕುಳಿತೆ. ಬೆಟ್ಟದಪುರದ ಬಸ್ಸು ಬಂದು ಹೋಯಿತು. ಹುಡುಗಿ ಯಾಕೆ ಜಡೆ ಕೊಯ್ದುಕೊಂಡಳು ಎಂಬುದು ಆಗ ತಿಳಿಯಿತು. ಜಡೆಯಿಲ್ಲದಿದ್ದರೆ ಹೂ ಮುಡಿಸುವುದೆಲ್ಲಿಗೆ? ಅವಳು ತನ್ನ ಕೈಲಾದದ್ದು ಮಾಡಿದ್ದಳು. ಆ ಜಡೆಯನ್ನೇ ಪೊಟ್ಟಣ ಕಟ್ಟಿ ನಾನು ವಾಪಸು ಕೊಟ್ಟಿದ್ದೆ.

ಅಲ್ಲಿಂದಲೇ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ, ಹುಡುಗಿ ಹೊಸ ಶಾಲೆಗೆ ಸೇರಿದಳಾ ಎಂದು ಕೇಳಿದೆ. “ಟೀಸಿ ತಗೊಂಡು ಹೋದ್ರಲ್ಲ ಮೇಡಂ,” ಎಂದರು ಅವರು. “ನಿಮ್ಮ ಲೆಟರ್ ಇತ್ತಲ್ಲ, ನಾನು ಒಂದು ಮಾತೂ ಕೇಳದೆ ಕೊಟ್ಟೆ. ಯಾಕೆ?” ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದಿದ್ದರು, ಇನ್ನೊಂದರಲ್ಲಿ ಬರೆಸಿದ ಸುದ್ದಿಯಿರಲಿಲ್ಲ. ಅವಳು ಎಲ್ಲಿ ಎಂದು ಕೇಳಬೇಕಾದವರು ಯಾರೂ ಉಳಿದಿರಲಿಲ್ಲ.

ಕೇಂದ್ರಕ್ಕೆ ಹೋಗಿ ಫೈಲು ತೆಗೆದೆ. ಫಾರಮಿನಲ್ಲಿ ‘ನೋಡಿಕೊಳ್ಳುತ್ತಾನೆ.’ ಕಚ್ಚಾ ಪುಸ್ತಕದಲ್ಲಿ ‘ನೋಡ್ಕತಾನಂತೆ.’ ಎರಡೂ ನನ್ನದೇ ಅಕ್ಷರ. ಆ ‘ಅಂತೆ’ಯನ್ನು ನೋಡುತ್ತಾ ಎಷ್ಟು ಹೊತ್ತು ಕುಳಿತೆನೋ. ಅದು ಅವಳ ಮಾತಲ್ಲ, ಅವಳಿಗೆ ಬೇರೆಯವರು ಹೇಳಿದ ಮಾತು ಎಂದು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದಳು. ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ನಾನು ಆ ಎರಡಕ್ಷರವನ್ನು ಕಸದಂತೆ ಗುಡಿಸಿ ಹಾಕಿದ್ದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದಿದ್ದೆ.

ನಮ್ಮ ಚರ್ಚಿನ ಫಾದರ್ ಹಿರಿಯರು, ತಾಳ್ಮೆಯವರು. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿ, “ಮಕ್ಕಳ ಸಹಾಯವಾಣಿಗೆ ಫೋನ್ ಮಾಡಮ್ಮ. ಆದರೆ ಹೆಸರು ಹೇಳಬೇಡ,” ಎಂದರು. “ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಚರ್ಚಿನವರು ಬಂದು ಮಗು ಎತ್ತಿಕೊಂಡು ಹೋದರು, ಮತಾಂತರ ಮಾಡ್ತಾರೆ ಅಂತ ನಾಳೆ ಯಾರಾದರೂ ಎಬ್ಬಿಸಿದರೆ? ಇಷ್ಟು ವರ್ಷದ ಕೆಲಸ, ನಿನ್ನನ್ನ ನಂಬಿ ಬರೋ ಹೆಂಗಸರು, ಎಲ್ಲ ಒಂದೇ ದಿನಕ್ಕೆ ಮುಗಿದುಹೋಗುತ್ತೆ.”

ಅವರು ಹೆದರಿ ಹೇಳಿದ ಮಾತಲ್ಲ ಅದು, ತಿಳಿದು ಹೇಳಿದ ಮಾತು. ನಾನೂ ಫೋನ್ ಕೈಗೆತ್ತಿಕೊಂಡೆ. ನಂಬರ್ ಒತ್ತುವ ಮೊದಲು ಆ ಮನೆಯಲ್ಲಿ ಏನಾಗಬಹುದೆಂದು ಒಂದೊಂದಾಗಿ ಯೋಚಿಸಿದೆ. ಅಧಿಕಾರಿಗಳು ಹೋಗುತ್ತಾರೆ. ಮನೆಯವರು ಹೂವಿನ ತಟ್ಟೆ ಒಳಗಿಟ್ಟು, ಓದಲು ಬಂದಿದ್ದಾಳೆ ಎನ್ನುತ್ತಾರೆ. ಪುರಾವೆ ಕೇಳಿದರೆ ಮೊಹರು ಹಾಕಿದ ನನ್ನ ಪತ್ರ ತೋರಿಸುತ್ತಾರೆ. ಸಮಾಲೋಚಕಿಯೇ ಕಳಿಸಿದ ಮಗು, ಸುರಕ್ಷಿತ ಮನೆ. ಬಂದವರು ನೀರು ಕುಡಿದು ವಾಪಸು ಹೋಗುತ್ತಾರೆ. ಆ ಮನೆಗೆ ಬೇಲಿ ಹಾಕಿಕೊಟ್ಟವಳು ನಾನು. ಕೀಳಬೇಕಾದರೆ ನಾನೇ ಹೋಗಿ ಕೀಳಬೇಕು, ಹೆಸರು ಹೇಳಿಯೇ ಕೀಳಬೇಕು.

ಫಾದರ್‌ಗೆ ಹಾಗೇ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, “ಮೊಹರು ಚರ್ಚಿನದೂ ಹೌದು. ನನ್ನ ಹೆಸರೂ ಬರೆಸು,” ಎಂದರು.

ಗುರುವಾರ ಬೆಳಿಗ್ಗೆ ಬಾಲ್ಯವಿವಾಹ ತಡೆಯುವ ಅಧಿಕಾರಿಯ ಮುಂದೆ ಕುಳಿತು ಹೇಳಿಕೆ ಕೊಟ್ಟೆ. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಗಟ್ಟಿ ಮಾತಿನವರು. ಫೈಲಿನ ಮೊದಲ ಪುಟದಿಂದ ಕೊನೆಯವರೆಗೂ ಓದಿ, ಪತ್ರದ ಪ್ರತಿಯ ಮೇಲೆ ಬೆರಳಿಟ್ಟು, “ಈ ಸಹಿ ನಿಮ್ಮದೇನಾ?” ಎಂದು ಕೇಳಿದರು. ಹೌದು ಎಂದೆ. “ಬರೆಯೋ ಮುಂಚೆ ಹುಡುಗೀನ ಕೇಳಿದ್ರಾ?” ಕೇಳಿದೆ, ಉತ್ತರ ಬರಲಿಲ್ಲ, ಆದರೂ ಬರೆದೆ ಎಂದೆ. ಅದನ್ನೂ ಹೇಳಿಕೆಯಲ್ಲಿ ಬರೆಸಿದರು. ಶಾಲೆಯಿಂದ ಜನ್ಮದಿನಾಂಕದ ದಾಖಲೆ ತರಿಸಿದರು. ಪ್ರಾರ್ಥನೆಯ ವಿಷಯ ಅವರು ಕೇಳಲಿಲ್ಲ, ನನಗೂ ಹೇಳಬೇಕೆಂದು ತೋಚಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಜೀಪು ಹೊರಟಿತು. ಅಧಿಕಾರಿ, ಒಬ್ಬ ಮಹಿಳಾ ಪೊಲೀಸ್, ನಾನು. ಕೆ.ಆರ್. ನಗರ ದಾಟಿ ನಾಲೆ ಪಕ್ಕದ ಮಣ್ಣುದಾರಿ ಹಿಡಿದಾಗ ಎರಡೂ ಕಡೆ ಭತ್ತ ತೆನೆ ಬಾಗಿತ್ತು.

ಮನೆಯ ಮುಂದೆ ಶಾಮಿಯಾನ ಇರಲಿಲ್ಲ. ಹದಿನೈದಿಪ್ಪತ್ತು ಜನ ನೆಂಟರು, ಅಷ್ಟೆ. ನಡುಮನೆಯಲ್ಲಿ ಚಾಪೆಯ ಮೇಲೆ ಹುಡುಗಿ. ಹಸಿರು ರೇಷ್ಮೆ ಸೀರೆ ಅವಳಿಗಿಂತ ದೊಡ್ಡದಾಗಿತ್ತು. ಚೌರಿ ಹೆಣೆದಾಗಿತ್ತು, ತನ್ನದೇ ಜಡೆ ಮತ್ತೆ ಅವಳ ಬೆನ್ನ ಮೇಲಿತ್ತು. ಮುಂದಿನ ತಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಬಾಳೆಹಣ್ಣು. ಹೂ ಇನ್ನೂ ತಟ್ಟೆಯಲ್ಲೇ ಇತ್ತು. ನಾನು ಮೊದಲು ನೋಡಿದ್ದು ಅದನ್ನೇ.

“ಬನ್ನಿ ಮೇಡಂ,” ಎಂದು ತಾಯಿ ನಗುತ್ತಾ ಎದ್ದವಳು ಹಿಂದೆ ಖಾಕಿ ಕಂಡು ನಿಂತುಬಿಟ್ಟಳು. ಮಾವ ಗಾಬರಿಯಾಗಲಿಲ್ಲ. ಒಳಗೆ ಹೋಗಿ ಒಂದು ಹಾಳೆ ತಂದು ಅಧಿಕಾರಿಯ ಕೈಗಿತ್ತ. ನನ್ನ ಪತ್ರ. ಲ್ಯಾಮಿನೇಷನ್ ಮಾಡಿಸಿದ್ದ.

“ನಾವೇನ್ ಕದ್ದು ಮುಚ್ಚಿ ಮಾಡ್ತಾ ಇಲ್ಲ ಮೇಡಂ. ಅವ್ರೇ ಬರ್ಕೊಟ್ಟವ್ರೆ ನೋಡಿ,” ಎಂದ. “ಮಾವನ್ ಮನೆಲಿ ಇರ್ಲಿ ಅಂತ.”

ಅವನ ಮುಖದಲ್ಲಿ ಕಪಟ ಹುಡುಕಿದೆ. ಸಿಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

“ಆ ಪತ್ರ ತಪ್ಪು,” ಎಂದೆ. “ಬರೆದವಳು ನಾನು. ತಿಳಿಯದೆ ಬರೆದೆ. ಓದೋಕೆ ಇರಲಿ ಅಂತ ಬರೆದದ್ದು, ಮದುವೆಗಲ್ಲ. ಅದನ್ನ ವಾಪಸು ತಗೊಳ್ತಾ ಇದೀನಿ.”

ತಾಯಿ ನನ್ನೆದುರು ಬಂದು ನಿಂತಳು. ಕೂಗಾಡಲಿಲ್ಲ. “ಪತ್ರ ತಪ್ಪು ಅಂತೀರಾ,” ಎಂದಳು. “ನೀವೇ ಇಬ್ರುನ್ನೂ ಜೊತೇಲಿ ನಿಲ್ಸಿ ತಲೆ ಮೇಲೆ ಕೈ ಮಡ್ಗಿ ಪ್ರಾರ್ಥ್ನೆ ಮಾಡುದ್ರಲ್ಲ ಮೇಡಂ. ಅವ್ನ ಮನೇಲಿ ಸುಖ್ವಾಗಿರ್ಲಿ ಅಂದ್ರಲ್ಲ. ನಿಮ್ ದೇವ್ರ ಮುಂದೆ ಅಂದ್ರಲ್ಲ. ಅದೂ ತಪ್ಪಾ?”

ಆ ಪ್ರಾರ್ಥನೆಯ ಒಂದೊಂದು ಮಾತೂ ನೆನಪಾಯಿತು. ಇವನು ಇವಳನ್ನು ಕಾಯಲಿ. ಇವರನ್ನು ಆಶೀರ್ವದಿಸು. ನಮ್ಮ ಚರ್ಚಿನಲ್ಲಿ ವಧೂವರರ ಮುಂದೆ ಹೇಳುವುದೂ ಇಷ್ಟೇ ಅಲ್ಲವೇ? ಅದನ್ನು ಅವರು ಬೇರೆ ಹೇಗೆ ಕೇಳಿಸಿಕೊಳ್ಳಬೇಕಿತ್ತು? ಹೌದು, ಅದೂ ತಪ್ಪು ಎಂದು ಹೇಳಿದೆನೋ, ಬಾಯಿ ಮಾತ್ರ ಆಡಿಸಿದೆನೋ ಗೊತ್ತಿಲ್ಲ.

ಅಧಿಕಾರಿ ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ನಾನೂ ಹಿಂದೆಯೇ ಹೋದೆ. ಅಂಥ ಹೊತ್ತಿನಲ್ಲಿ ಮಗುವಿನ ಪಕ್ಕ ಕೂರುವುದು ನನ್ನ ಕೆಲಸ. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು, ಆಮೇಲೆ ಅಧಿಕಾರಿಯ ಕಡೆ ತಿರುಗಿ, “ಈ ಮಿಸ್ ಇದ್ರೆ ನಾನ್ ಮಾತಾಡಾಕಿಲ್ಲ,” ಎಂದಳು.

ಹೊರಗೆ ಬಂದು ಕೊಟ್ಟಿಗೆಯ ಪಕ್ಕ ನಿಂತೆ. ಇಷ್ಟು ವರ್ಷದಲ್ಲಿ ಒಂದು ಮಗು ನನ್ನನ್ನು ಹೊರಗೆ ಕಳಿಸಿದ್ದು ಅದೇ ಮೊದಲು. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಕಾಲು ಗಂಟೆಗೂ ಹೆಚ್ಚು ಮಾತಾಡಿದಳು. ನನ್ನ ಮುಂದೆ ಎರಡು ಭೇಟಿಯಲ್ಲಿ ಆಡಿದ್ದು ಒಂದೇ ಒಂದು ಮಾತು.

ಏನು ಹೇಳಿದಳೆಂದು ಅಧಿಕಾರಿ ಆಮೇಲೆ ತಿಳಿಸಿದರು. ದಸರಾ ರಜೆಯಲ್ಲಿ ಅಜ್ಜಿ ಬಂದು, ಎಷ್ಟು ಮೊಳ ಹೂ ಬೇಕಾಗುತ್ತದೆಂದು ಅವಳ ಜಡೆಯನ್ನು ಮೊಳ ಹಾಕಿ ಅಳೆದಿದ್ದಳಂತೆ. ಮಾವ ನೋಡ್ಕತಾನೆ ಬುಡು, ನಿಂಗೇನ್ ಕಮ್ಮಿ ಎಂದು ಎಲ್ಲರೂ ಹೇಳಿದ್ದರಂತೆ. ಚರ್ಚ್ ಮಿಸ್‌ಗೆ ಹೇಳಿದರೆ ತಪ್ಪಿಸುತ್ತಾರೆ ಎಂದುಕೊಂಡು ಕೇಂದ್ರಕ್ಕೆ ಬಂದ ದಿನ ಧೈರ್ಯ ಮಾಡಿಕೊಂಡೇ ಬಂದಿದ್ದಳಂತೆ. “ಅಷ್ಟರಲ್ಲಿ ಅವ್ರೇ ಪ್ರಾರ್ಥ್ನೆ ಮಾಡ್ಬುಟ್ರು ಅಂದ್ಲು,” ಎಂದರು ಅಧಿಕಾರಿ, ನನ್ನ ಮುಖ ನೋಡದೆ.

ಅಂದು ಹೂ ಮುಡಿಸಲಿಲ್ಲ. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ತಾಯಿ, ಮಾವ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡರು. ಮಾವ ಸಹಿ ಹಾಕಿ, “ನಾನೇನ್ ಕೆಟ್ಟದ್ದು ಮಾಡ್ದೆ ಅಂತ ಒಬ್ರಾದ್ರೂ ಹೇಳ್ರಪ್ಪ,” ಎಂದು ಕೇಳಿದ. ಹುಡುಗಿ ಜೀಪು ಹತ್ತುವ ಮೊದಲು ಜಡೆಯಿಂದ ಚೌರಿ ಬಿಚ್ಚಿ ಅಮ್ಮನ ಕೈಗೆ ಕೊಟ್ಟಳು. ದಾರಿಯುದ್ದಕ್ಕೂ ಮಹಿಳಾ ಪೊಲೀಸ್ ಪಕ್ಕ ಕೂತಿದ್ದಳು.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ ಮೇಲೆ ಅವಳನ್ನು ಹುಣಸೂರಿನಲ್ಲೇ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿಸಿದರು. ಫಾದರ್ ಹೆದರಿದ್ದರಲ್ಲಿ ಅರ್ಧ ಆಯಿತು. ಆ ಊರಿನವರು ನಮ್ಮ ಕೇಂದ್ರದ ಮೆಟ್ಟಿಲು ಹತ್ತುವುದು ಬಿಟ್ಟರು. ಚರ್ಚಿನವರು ಮಗು ಕದ್ದರು ಎಂಬ ಮಾತು ಸ್ವಲ್ಪ ದಿನ ಓಡಾಡಿತು. ತಾಯಿ ಪ್ರತಿ ಭಾನುವಾರ ಹಾಸ್ಟೆಲ್ ಗೇಟಿಗೆ ಡಬ್ಬಿಯಲ್ಲಿ ಅನ್ನ ಸಾರು ತರುತ್ತಾಳೆ. ಎದುರು ಸಿಕ್ಕರೆ ನನ್ನನ್ನು ನೋಡದೆ ಹೋಗುತ್ತಾಳೆ. ಅವಳ ಗಂಡನ ಕುಡಿತಕ್ಕೆ ನಾನು ಹುಡುಕುತ್ತೇನೆಂದಿದ್ದ ದಾರಿ ಇನ್ನೂ ಹುಡುಕಿಕೊಟ್ಟಿಲ್ಲ.

ಹುಡುಗಿಯನ್ನು ನೋಡಲು ನನಗೆ ಒಂದು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಮೊದಲಿನ ಪತ್ರವನ್ನು ರದ್ದು ಮಾಡಿ ಬರೆದ ಹೊಸ ಪತ್ರದ ಪ್ರತಿ ಹಿಡಿದುಕೊಂಡು ಹೋದೆ. ವಾರ್ಡನ್ ಅಂಗಳದ ಕಟ್ಟೆಯ ಮೇಲೆ ಕೂರಿಸಿದರು. ಹುಡುಗಿ ಬಂದು ಎರಡು ಮಾರು ದೂರ ನಿಂತಳು. ಕೂದಲು ಕಾಲರ್ ಮುಟ್ಟುವಷ್ಟು ಬೆಳೆದಿತ್ತು. ಪತ್ರ ತೆಗೆದುಕೊಂಡು ನಿಧಾನವಾಗಿ ಪೂರ್ತಿ ಓದಿದಳು.

ಈ ಸಲ ನಾನು ಸುಮ್ಮನಿದ್ದೆ. ನಿಜವಾಗಿಯೂ ಸುಮ್ಮನಿದ್ದೆ. ಅಂಗಳದಲ್ಲಿ ಹುಡುಗಿಯರು ಬಟ್ಟೆ ಒಗೆಯುತ್ತಿದ್ದರು. ಒಬ್ಬಳು ಒಗೆದು, ಹಿಂಡಿ, ಹರವಿ ಮುಗಿಸುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

“ಆ ಪತ್ರ ಕ್ಯಾನ್ಸಲ್ ಆಯ್ತಾ ಮಿಸ್?” ಎಂದಳು, ಪತ್ರ ತೋರಿಸಿ.

“ಆಯ್ತು. ನಿನ್ನ ಹೆಸರು ಮತ್ತೆ ಶಾಲೆಯಲ್ಲಿ ಬರೆದಿದ್ದಾರೆ.”

“ಆ ಪ್ರಾರ್ಥ್ನೆ?”

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಾ, “ಜೀಪ್ ಬಂದ್ ದಿನ ಮಾವ ಏಳ್ತಿದ್ದ. ಸರ್ಕಾರ್ದೋರು ಏನಾರ ಬರ್ಕೊಳ್ಳಿ, ದೇವ್ರ ಮುಂದೆ ಆಗೋಗದೆ ಅಂತ. ಅದ್ನ ಕ್ಯಾನ್ಸಲ್ ಮಾಡಾಕಾಯ್ತದಾ?” ಎಂದಳು.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ದೇವರು ಅಂಥ ಪ್ರಾರ್ಥನೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಹೇಳಬಹುದಿತ್ತು. ನಾನು ನಂಬಿರುವುದೂ ಅದನ್ನೇ. ಆದರೆ ಅವಳು ಕೇಳಿದ್ದು ನನ್ನ ನಂಬಿಕೆಯನ್ನಲ್ಲ. ಎದ್ದು ನಿಂತು, “ಕೈ ಇಡಲಾ, ಬೇಡವಾ?” ಎಂದು ಕೇಳಿದೆ.

“ಬ್ಯಾಡ,” ಎಂದಳು.

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕಣ್ಣು ಮುಚ್ಚಿ, “ಪ್ರಭುವೇ, ಅವತ್ತು ನಾನು ಕೇಳಿದ್ದನ್ನು ಕೊಡಬೇಡ,” ಎಂದೆ. ಪಿಸುಮಾತಿನಂಥ ದನಿ. ಕಣ್ಣು ಬಿಟ್ಟಾಗ ಅವಳು ನನ್ನನ್ನೇ ನೋಡುತ್ತಿದ್ದಳು.

“ಜೋರಾಗಿ ಏಳಿ ಮಿಸ್,” ಎಂದಳು. “ಅವತ್ತು ಜೋರಾಗೇ ಏಳಿದ್ರಿ.”

ಜೋರಾಗಿ ಹೇಳಿದೆ. ಬಟ್ಟೆ ಒಗೆಯುತ್ತಿದ್ದ ಹುಡುಗಿಯರೆಲ್ಲ ಕೈ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು.